ಮುಂಬೈಯ ಕನ್ನಡ ಸಭೆಯಲ್ಲಿ ಹತ್ತು ದಿನ

ಶುಕ್ರವಾರ, ನವೆಂಬರ್ 28

"ಹಿಟ್ಟ ತರಬ್ಯಾಡ, ಕಾಳ ತಗೊಂಡ ಬಾ" ಅಂತ ಅಕ್ಕ ಫೋನಿನಲ್ಲಿ ಎರಡು ಸಲ ಹೇಳಿದ್ದಳು. ಜೋಳದ ಹಿಟ್ಟು ಹಳೆಯದಾದರೆ ರೊಟ್ಟಿ ಬಿರಿಯುತ್ತದೆ. ಕಾಳಾದರೆ ಬೇಕಾದಾಗ ಬೇಕಾದಷ್ಟು ಗಿರಣಿಗೆ ಹಾಕಿಸಿಕೊಳ್ಳಬಹುದು. ಧಾರವಾಡ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ–ದಾದರ್ ಎಕ್ಸ್‌ಪ್ರೆಸ್ ಹತ್ತುವಾಗ ನನ್ನ ಬಟ್ಟೆ ಬ್ಯಾಗಿಗಿಂತ ಐದು ಕಿಲೋ ಬಿಳಿಜೋಳದ ಚೀಲವೇ ಭಾರ ಇತ್ತು.

ಅಕ್ಕನ ಮನೆಗೆ ಹೋಗಿದ್ದು ಸುಮ್ನೆ ಊರು ನೋಡಲು ಅಲ್ಲ. ನಾನು ಮೂವತ್ತೆರಡು ವರ್ಷ ಕನ್ನಡ ಟೀಚರ್ ಆಗಿದ್ದವಳು, ಈಗ ನಿವೃತ್ತಿಯಾಗಿದೆ. ಅಕ್ಕ ಮುಂಬೈನಲ್ಲಿ ಹೋಗುವ ಚರ್ಚಿನ ಕನ್ನಡ ಸಭೆಯ ಅಯ್ಯನವರು, ಅಂದರೆ ಪಾದ್ರಿಗಳು, ಹೇಳಿ ಕಳಿಸಿದ್ದರು: ಸಂಡೇ ಸ್ಕೂಲ್ ಮಕ್ಕಳು ಕ್ರಿಸ್ಮಸ್‌ಗೆ ಹಾಡು ಹಾಡುತ್ತಾರೆ, ರಾಗ ಕಲಿಸುವವರು ಇದ್ದಾರೆ, ಮಾತು ತಿದ್ದುವವರು ಬೇಕು. ಕೇಳಿದ ದಿನವೇ ಟಿಕೆಟ್ ಮಾಡಿಸಿದೆ.

ನಮ್ಮದು ಬಾಸೆಲ್ ಮಿಷನ್ ಸಭೆಯ ಮನೆತನ. 1834ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಆ ಮಿಷನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡದಲ್ಲಿ ಕೆಲಸ ಶುರುವಾಯಿತು. ಆ ಎರಡೂ ಕಡೆಯ ಮೊಮ್ಮಕ್ಕಳು, ಮರಿಮಕ್ಕಳು ಮುಂದೆ ಕೆಲಸ ಹುಡುಕಿಕೊಂಡು ಮುಂಬೈಗೆ ಬಂದರು. ಬಟ್ಟೆ ಗಿರಣಿಗೆ ಬಂದರು, ರೈಲ್ವೆಗೆ ಬಂದರು, ನರ್ಸ್ ಆಗಿ ಬಂದರು. ಅಕ್ಕನ ಸಭೆಯಲ್ಲಿ ಕೂತರೆ ಒಂದು ಬೆಂಚಿನಲ್ಲಿ "ಹೌದ್ರಿ", ಹಿಂದಿನ ಬೆಂಚಿನಲ್ಲಿ "ಹೌದು ಮಾರಾಯ್ರೆ". ಹಾಡಿನ ಪುಸ್ತಕ ಮಾತ್ರ ಒಂದೇ.

ಬೆಳಗಾವಿ ದಾಟುವಷ್ಟರಲ್ಲಿ ಕತ್ತಲಾಯಿತು. ಮೀರಜ್‌ನಲ್ಲಿ ಚಹಾ ಕುಡಿದು ಮಲಗಿದೆ.

ಶನಿವಾರ, ನವೆಂಬರ್ 29

ನಸುಕಿನಲ್ಲಿ ದಾದರ್. ಭಾವ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದರು. ಮನೆಗೆ ಹೋಗೋಣ ಅನ್ನಲಿಲ್ಲ. "ಮೊದ್ಲ ಹೂವಿನ ಮಾರ್ಕೆಟ್ಟಿಗೆ ಹೋಗೋಣ, ತಡಾ ಆದ್ರ ಸೊಪ್ಪ ಸಿಗೂದಿಲ್ಲ" ಅಂದರು.

ದಾದರಿನ ಹೂವಿನ ಮಾರುಕಟ್ಟೆ ಸ್ಟೇಷನ್ನಿಗೆ ಅಂಟಿಕೊಂಡೇ ಇದೆ. ಆ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗ ಇರಲಿಲ್ಲ. ಚೆಂಡು ಹೂವಿನ ಗುಡ್ಡೆ, ಸೇವಂತಿಗೆಯ ಗುಡ್ಡೆ, ಒದ್ದೆ ಗೋಣಿಚೀಲದ ವಾಸನೆ. ಭಾವ ಅದನ್ನೆಲ್ಲ ದಾಟಿ ಸೊಪ್ಪು ಮಾರುವ ಹೆಂಗಸಿನ ಹತ್ತಿರ ಹೋದರು. ಆಕೆ ಮರಾಠಿಯಲ್ಲಿ "ಚರ್ಚಿಗಾ?" ಅಂತ ಕೇಳಿ, ಕೇಳುವ ಮೊದಲೇ ಗಾಳಿಮರದ ಎರಡು ಕಟ್ಟು ಎತ್ತಿಟ್ಟಳು. ಪ್ರತಿ ವರ್ಷ ಈ ಶನಿವಾರ ಭಾವ ಬರುತ್ತಾರೆ ಅಂತ ಆಕೆಗೆ ಗೊತ್ತು.

ಸೊಪ್ಪು ಬೇಕಾಗಿದ್ದು ಅಡ್ವೆಂಟ್ ರೀತ್‌ಗೆ. ಅಡ್ವೆಂಟ್‌ಗೆ ಕನ್ನಡದಲ್ಲಿ ಆಗಮನ ಕಾಲ ಅನ್ನುತ್ತೇವೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಅದರಲ್ಲಿ ಬರುತ್ತವೆ. ನವೆಂಬರ್ 30ಕ್ಕೆ ಯಾವ ಭಾನುವಾರ ಹತ್ತಿರವೋ ಅಲ್ಲಿಂದ ಶುರು. ಈ ಸಲ ಆ ತಾರೀಕೇ ಭಾನುವಾರ ಬಿದ್ದಿತ್ತು. ಸಭೆಯ ಲೆಕ್ಕದಲ್ಲಿ ಹೊಸ ವರ್ಷ ಶುರುವಾಗುವುದೂ ಅಂದೇ, ಜನವರಿಯಲ್ಲಿ ಅಲ್ಲ. ರೀತ್ ಅಂದರೆ ಎಲೆಯ ದೊಡ್ಡ ಬಳೆ. ಅದರ ಸುತ್ತ ನಾಲ್ಕು ಮೇಣದಬತ್ತಿ, ನಡುವೆ ಒಂದು ಬಿಳಿ. ವಾರಕ್ಕೊಂದು ಜಾಸ್ತಿ ಹೊತ್ತಿಸುತ್ತಾ ಹೋಗುವುದು.

ಇದು ಬಂದದ್ದು ಜರ್ಮನಿಯ ಹ್ಯಾಂಬರ್ಗ್‌ನಿಂದ. ಯೋಹಾನ್ ವಿಖರ್ನ್ ಎಂಬ ಪಾದ್ರಿ ಅಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. 1839ರಲ್ಲಿ ಅವರು ಒಂದು ಹಳೇ ಬಂಡಿಯ ಗಾಲಿ ತಂದು, ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ ನಿಲ್ಲಿಸಿದರು. ಬಂಡಿಯ ಗಾಲಿ ಅಂತ ಓದಿದಾಗಿನಿಂದ ನನಗೆ ಈ ಪದ್ಧತಿ ನಮ್ಮೂರಿನದೇ ಅನ್ನಿಸಿಬಿಟ್ಟಿದೆ.

ಚರ್ಚು ಮಧ್ಯ ಮುಂಬೈನ ಹಳೇ ಕಲ್ಲಿನ ಕಟ್ಟಡ. ಕನ್ನಡದವರದ್ದೇ ಅಲ್ಲ. ಭಾನುವಾರ ಬೆಳಿಗ್ಗೆ ಮರಾಠಿ ಸಭೆ, ಹನ್ನೊಂದಕ್ಕೆ ನಮ್ಮದು, ಸಂಜೆ ತಮಿಳು ಸಭೆ. ಊರಿನಲ್ಲಿ ನಾವು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾದ ಸಭೆ. ಇಲ್ಲಿ ಸಿಎನ್‌ಐ, ಅಂದರೆ ಚರ್ಚ್ ಆಫ್ ನಾರ್ತ್ ಇಂಡಿಯಾ, 1970ರ ನವೆಂಬರ್ 29ರಂದು ನಾಗಪುರದಲ್ಲಿ ಒಂದಾದ ಸಭೆ. ಅಂದರೆ ನಾನು ಸೊಪ್ಪು ಹಿಡಿದು ಒಳಗೆ ಹೋದದ್ದು ಅದು ಹುಟ್ಟಿದ ದಿನವೇ.

ರೀತ್‌ನ ಕಬ್ಬಿಣದ ಬಳೆಯನ್ನು ಎಷ್ಟೋ ವರ್ಷದ ಹಿಂದೆ ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಸಭೆಯವರೊಬ್ಬರು ಮಾಡಿಕೊಟ್ಟಿದ್ದಂತೆ. ಮೂರೂ ಸಭೆಗೆ ಅದೊಂದೇ. ಮೂರು ಭಾಷೆಯ ಆರು ಹೆಂಗಸರು ನೆಲದ ಮೇಲೆ ಕೂತು ಸೊಪ್ಪು ಸುತ್ತಿದೆವು. ತಮಿಳಿನ ಅಕ್ಕ ದಾರ ಕಟ್ಟುವುದರಲ್ಲಿ ಗಟ್ಟಿ. ಎಲ್ಲರೂ ಮಾತಾಡಿದ್ದು ಹಿಂದಿಯಲ್ಲಿ, ಅವರವರ ಹಿಂದಿಯಲ್ಲಿ.

ಭಾನುವಾರ, ನವೆಂಬರ್ 30

ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್. ವಾರವಿಡೀ ಓಡುವ ಹಳಿಗೆ ರಿಪೇರಿ ಮಾಡಲು ಭಾನುವಾರವೇ ಬಿಡುವು. ಆದರೆ ಚರ್ಚಿಗೆ ಹೋಗುವವರಿಗೂ ಭಾನುವಾರವೇ ಬೇಕಲ್ವಾ. ಅಂಬರನಾಥದಿಂದ, ಕಲ್ಯಾಣದಿಂದ ಬರುವವರು ಹಿಂದಿನ ರಾತ್ರಿಯೇ ಲೋಕಲ್‌ನ ವೇಳೆ ನೋಡಿಕೊಂಡಿರುತ್ತಾರೆ. ನಾವು ಡೊಂಬಿವಲಿಯಿಂದ ಎಂಟಕ್ಕೇ ಹೊರಟೆವು. ಅಕ್ಕನ ಸೀರೆಯ ಸೆರಗಿನಲ್ಲಿ ಕಾಣಿಕೆಯ ಲಕೋಟೆ, ನನ್ನ ಕೈಯಲ್ಲಿ ಹಾಡಿನ ಪುಸ್ತಕ.

ಒಳಗೆ ಹೋದಾಗ ಮರಾಠಿ ಆರಾಧನೆ ಆಗಷ್ಟೇ ಮುಗಿದಿತ್ತು. ಮೊದಲ ಮೇಣದಬತ್ತಿಯ ಬತ್ತಿ ಕಪ್ಪಾಗಿತ್ತು. ಸುತ್ತ ಮೇಣ ಕರಗಿ ಇನ್ನೂ ಬಿಸಿಯಾಗಿ ಗುಳಿಯಲ್ಲಿ ನಿಂತಿತ್ತು. ಉಳಿದ ಮೂರಕ್ಕಿಂತ ಅದು ಬೆರಳಿನಷ್ಟು ಚಿಕ್ಕದಾಗಿತ್ತು. ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತೆ. ಆ ಬತ್ತಿ ನಾಲ್ಕೂ ಭಾನುವಾರ, ದಿನಕ್ಕೆ ಮೂರು ಸಲ ಉರಿಯಬೇಕು. ಒಟ್ಟು ಹನ್ನೆರಡು ಆರಾಧನೆ. ಧಾರವಾಡದ ನಮ್ಮ ಚರ್ಚಿನಲ್ಲಿ ಹೊಸ ಬತ್ತಿಯನ್ನು ನಾವೇ ಮೊದಲು ಹೊತ್ತಿಸುತ್ತೇವೆ. ಇಲ್ಲಿ ಬೇರೆಯವರು ಪ್ರಾರ್ಥನೆ ಮಾಡಿ ಬಿಟ್ಟ ಜಾಗದಿಂದ ಮುಂದುವರಿಸುತ್ತೇವೆ. ನನಗೆ ಎರಡನೆಯದೇ ಜಾಸ್ತಿ ಹಿಡಿಸಿತು.

ಹೊತ್ತಿಸಿದವರು ಗದಗಿನ ಅಜ್ಜಾರು. ಬೆಟಗೇರಿಯ ನೇಕಾರರ ಮನೆಯವರು. ಮುಂಬೈಗೆ ಬಂದು ಪರೇಲಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ್ದರು. ಕೈ ನಡುಗುತ್ತಿತ್ತು. ಎರಡು ಕಡ್ಡಿ ಆರಿದವು. ಸಭೆಯೆಲ್ಲ ಎದ್ದು ನಿಂತು ಕಾದಿತು, ಒಬ್ಬರೂ ಮುಂದೆ ಹೋಗಿ ಅವರ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಳ್ಳಲಿಲ್ಲ. ಮೂರನೆಯದು ಹೊತ್ತಿತು.

ಮೊದಲ ಬತ್ತಿ ನಿರೀಕ್ಷೆಯದು. ಕನ್ನಡ ಬೈಬಲ್ಲಿನಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಅಂತ ಮೂರು ಒಟ್ಟಿಗೆ ಬರುತ್ತವೆ. ಎದುರು ನೋಡುವುದಕ್ಕೂ ಭರವಸೆಗೂ ನಮ್ಮ ಸಭೆಗಳಲ್ಲಿ ಅದೊಂದೇ ಮಾತು. ಅಯ್ಯನವರು ಯೆಶಾಯನ ಪುಸ್ತಕದ ಒಂಬತ್ತನೇ ಅಧ್ಯಾಯ ಓದಿದರು. ಕತ್ತಲಲ್ಲಿ ನಡೆಯುವ ಜನ ಬೆಳಕು ಕಾಣುವ ಭಾಗ. ವೇದಿಕೆಗೆ ನೇರಳೆ ಬಟ್ಟೆ ಹಾಕಿತ್ತು. ಬಿಳಿ ಬಟ್ಟೆ ಬರುವುದು ಕ್ರಿಸ್ಮಸ್‌ಗೆ.

ಆರಾಧನೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಗೋದಲಿಯ ಮಾತು ಬಂತು. ಯೇಸು ಹುಟ್ಟಿದ ಬೆತ್ಲೆಹೇಮಿನ ಕೊಟ್ಟಿಗೆಯನ್ನು ಕ್ರಿಸ್ಮಸ್‌ಗೆ ಚಿಕ್ಕದಾಗಿ ಕಟ್ಟಿಡುವುದೇ ಗೋದಲಿ. ಗೋದಲಿಯ ಸುತ್ತ ಹಸಿರು ಗದ್ದೆ ಮಾಡಲು ಏನು ಬಿತ್ತಬೇಕು? ಮಂಗಳೂರಿನ ಬಲ್ಮಠದ ಆಂಟಿ "ಭತ್ತವೇ ಚಂದ" ಅಂದರು. ಯಾರೋ ರಾಗಿ ಅಂದರು, ಯಾರೋ ಗೋಧಿ ಅಂದರು. ಅಜ್ಜಾರು ನನ್ನ ಕಡೆ ತಿರುಗಿದರು. "ಧಾರವಾಡದಿಂದ ಜ್ವಾಳ ತಂದೀಯಂತಲ್ಲವಾ? ಬೆತ್ಲೆಹೇಮ್ ಅಂದ್ರ ಏನು ಹೇಳು." ಹೀಬ್ರೂ ಭಾಷೆಯಲ್ಲಿ ಆ ಮಾತಿಗೆ ರೊಟ್ಟಿಯ ಮನೆ ಅಂತ ಅರ್ಥ. ನಾನು ಹೇಳಿದೆ. "ಮತ್ತ? ರೊಟ್ಟಿ ಮನೀಗೆ ಜ್ವಾಳಾನ ಬಿತ್ತಬೇಕು" ಅಂದರು.

ಬಲ್ಮಠದ ಆಂಟಿ ನಕ್ಕು ಒಪ್ಪಿದರು. "ಮೊಳಕೆ ಬರ್ತದಾ ನೋಡಿ ಮೊದಲು" ಅಂದರು.

ಸೋಮವಾರ, ಡಿಸೆಂಬರ್ 1

ಇಡೀ ದಿನ ಮನೆಯಲ್ಲಿ. ರಾತ್ರಿ ಒಂದು ಹಿಡಿ ಜೋಳ ನೀರಿಗೆ ಹಾಕಿದೆ.

ಮಂಗಳವಾರ, ಡಿಸೆಂಬರ್ 2

ಬೆಳಿಗ್ಗೆ ಒಂದು ಹಳೇ ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಮಣ್ಣು ಹಾಕಿ, ನೆನೆದ ಜೋಳ ಹರಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ಕಿಟಕಿಯ ಗ್ರಿಲ್ಲಿನಲ್ಲಿಟ್ಟೆ. ಕ್ರಿಸ್ಮಸ್‌ಗೆ ಬೇಕಾದ್ದನ್ನು 12ನೇ ತಾರೀಕಿನ ಸುತ್ತ ಬಿತ್ತಿದರೆ ಸಾಕು. ಇದು ಪರೀಕ್ಷೆಗೆ.

ಸಂಜೆ ಏಳಕ್ಕೆ ಮಕ್ಕಳು ಬಂದರು. ಸಭೆಯವರು ಕೊಲಾಬಾದಿಂದ ವಿರಾರ್ ತನಕ, ಈ ಕಡೆ ಬದಲಾಪುರದ ತನಕ ಹಂಚಿ ಹೋಗಿದ್ದಾರೆ. ಚರ್ಚ್‌ಗೇಟ್‌ನಿಂದ ವಿರಾರ್‌ಗೇ 60 ಕಿಲೋಮೀಟರ್. ಶಾಲೆ ಇರುವ ದಿನ ಎಲ್ಲ ಮಕ್ಕಳನ್ನೂ ಚರ್ಚಿಗೆ ಕರೆಯಲು ಆಗುವುದಿಲ್ಲ. ಅದಕ್ಕೇ ಏರಿಯಾದವರು ಏರಿಯಾದಲ್ಲೇ ಕಲಿಯುವುದು. ಅಕ್ಕನ ಮನೆಯ ಹಾಲಿನಲ್ಲಿ ಸೋಫಾ ಗೋಡೆಗೆ ಸರಿಸಿ ಹನ್ನೊಂದು ಮಕ್ಕಳನ್ನು ಕೂರಿಸಿದೆವು.

ಹಾಡು ಅಯ್ಯನವರೇ ಬರೆದದ್ದು. ಮೊದಲ ಎರಡು ಸಾಲು ಹೀಗೆ: "ಹಳ್ಳಿಯ ಹಟ್ಟಿಗೆ ಬೆಳಕು ಬಂತು, ಕೊಟ್ಟಿಗೆಯೊಳಗೆ ಕೂಸು ಅತ್ತಿತು."

ಈ ಮಕ್ಕಳಲ್ಲಿ ಯಾರಿಗೂ ಕನ್ನಡ ಅಕ್ಷರ ಬರುವುದಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ಕನ್ನಡ ಮಾತಾಡುತ್ತಾರೆ, ಮಕ್ಕಳು ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಹಾಡನ್ನು ಕೆಲವರು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದರು, ಕೆಲವರು ದೇವನಾಗರಿಯಲ್ಲಿ. ಹಾಡಿಸಿದೆ. ಇಂಗ್ಲಿಷ್ ಅಕ್ಷರದವರು "ಹಲ್ಲಿಯ ಹತ್ತಿಗೆ ಬೆಲಕು" ಅಂದರು. ದೇವನಾಗರಿಯವರು "ಹಳ್ಳಿಯ ಹಟ್ಟಿಗೆ ಬೇಳಕು" ಅಂದರು, "ಕೋಟ್ಟಿಗೆ" ಅಂದರು.

ನನಗೆ ಆಗಲೇ ವಿಷಯ ಹೊಳೆದದ್ದು. ತಪ್ಪು ಮಕ್ಕಳದ್ದಲ್ಲ, ಲಿಪಿಯದು. ಇಂಗ್ಲಿಷ್‌ನಲ್ಲಿ ಲಕಾರಕ್ಕೂ ಳಕಾರಕ್ಕೂ ಒಂದೇ ಅಕ್ಷರ, ತ ಮತ್ತು ಟಕ್ಕೂ ಒಂದೇ. ದೇವನಾಗರಿಯಲ್ಲಿ ಮರಾಠಿಯವರಿಗೆ ಳ ಇದೆ, ಟ ಇದೆ. ಆದರೆ ಗಿಡ್ಡ ಎ, ಗಿಡ್ಡ ಒ ಇಲ್ಲ. ಬರೆಯುವುದಾದರೆ ಉದ್ದ ಏ, ಉದ್ದ ಓ ಬರೆಯಬೇಕು. ಹಾಗಾಗಿ ಒಂದು ಗುಂಪಿಗೆ ಳ ತಪ್ಪುತ್ತದೆ, ಇನ್ನೊಂದು ಗುಂಪಿಗೆ ಎ ತಪ್ಪುತ್ತದೆ.

ಹಲ್ಲಿ ಅಂದರೆ ಗೋಡೆಯ ಮೇಲೆ ಓಡುತ್ತದಲ್ಲ ಅದು ಅಂತ ಹೇಳಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ನಂತರ ಕೇಳಿದೆ, ಮರಾಠಿಯಲ್ಲಿ ಮಗುವಿಗೆ ಏನು ಅನ್ನುತ್ತೀರಿ? "ಬಾಳ" ಅಂದರು ಎಲ್ಲರೂ. ಶಾಲೆಯಲ್ಲಿ ಮರಾಠಿ ಕಲಿತ ಮಕ್ಕಳು, ಯಾರೊಬ್ಬರೂ "ಬಾಲ" ಅನ್ನಲಿಲ್ಲ. ಆ ಬಾಳದಲ್ಲಿರುವ ಳವೇ ಬೆಳಕಿನಲ್ಲಿ ಇರುವುದು, ಅದೇ ನಾಲಿಗೆ ಮಡಿಸಿ ಹೇಳಿ ಅಂದೆ. ಎಂಟು ವರ್ಷದ ಒಂದು ಹುಡುಗಿ ಕಣ್ಣು ಮುಚ್ಚಿಕೊಂಡು, ಬಾಯಿ ಅರ್ಧ ತೆರೆದು, ನಾಲಿಗೆಯ ತುದಿ ಅಂಗುಳಕ್ಕೆ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಹಾಗೇ ಇದ್ದು "ಬೆ-ಳ-ಕು" ಅಂತ ಬಿಟ್ಟಳು. ಸರಿಯಾಗಿ ಬಂತು. ಅವಳಿಗೇ ಆಶ್ಚರ್ಯ.

ಗಿಡ್ಡ ಎ ಕಲಿಸಲು ಚಪ್ಪಾಳೆ ಹಾಕಿಸಿದೆ. ಬೆ ಅಂದರೆ ಒಂದು ಚಪ್ಪಾಳೆ, ಬೇ ಅಂದರೆ ಎರಡು. ಶಾಲೆಯಲ್ಲಿ ಲಘು-ಗುರು ಕಲಿಸುತ್ತಿದ್ದ ಹಾಗೇ. ಒಂಬತ್ತೂವರೆಗೆ ಕೆಳಗಿನ ಮನೆಯವರು ಬಾಗಿಲು ಬಡಿದರು. ಗಲಾಟೆ ಆಯಿತೇನೋ ಅಂತ ಭಾವ ಓಡಿದರು. ಅವರು ಕೇಳಲು ಬಂದದ್ದು ತಮ್ಮ ಮಗನನ್ನೂ ಕೂರಿಸಬಹುದಾ ಅಂತ. ಗುಜರಾತಿ ಮಾತಾಡುವ ಮನೆ. ಅವರ ಭಾಷೆಯಲ್ಲೂ ಳ ಇದೆ. ಹುಡುಗನಿಗೆ ಮೊದಲ ಸಲಕ್ಕೇ ಬಂತು.

ಬುಧವಾರ, ಡಿಸೆಂಬರ್ 3

ಯೌವನಸ್ಥರ ಸಭೆಯ ಮೂವರ ಜೊತೆ ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋದೆ. 1869ರಲ್ಲಿ ಕಟ್ಟಿ ಮುಗಿಸಿದ ಮಾರುಕಟ್ಟೆ. ಈಗಿನ ಹೆಸರು ಮಹಾತ್ಮ ಜ್ಯೋತಿಬಾ ಫುಲೆ ಮಂಡಯಿ, ಬಾಯಲ್ಲಿ ಮಾತ್ರ ಎಲ್ಲರಿಗೂ ಕ್ರಾಫರ್ಡ್. ಬಾಗಿಲ ಮೇಲಿನ ಕಲ್ಲಿನ ಕೆತ್ತನೆಯಲ್ಲಿ ರೈತರಿದ್ದಾರೆ. ಅದರ ಕೆಳಗೆ ಡಿಸೆಂಬರ್‌ನಲ್ಲಿ ನಕ್ಷತ್ರ, ಗಂಟೆ, ಹತ್ತಿಯ ಹಿಮ.

ಹಿಮ ಬೇಡ ಅಂತ ಹುಡುಗರೇ ತೀರ್ಮಾನ ಮಾಡಿದ್ದರು. ನನಗೆ ತುಂಬಾ ಸಂತೋಷವಾಯಿತು. ಗೋದಲಿಗೆ ಗೋಣಿಚೀಲದ ಗುಡ್ಡ, ಹುಲ್ಲು, ರಟ್ಟು. 2018ರಿಂದ ಮಹಾರಾಷ್ಟ್ರದಲ್ಲಿ ಥರ್ಮಕೋಲ್ ಅಲಂಕಾರಕ್ಕೆ ನಿಷೇಧ ಇದೆ. ಆಮೇಲೆ ಗೋದಲಿ ಜಾಸ್ತಿ ಚೆನ್ನಾಗಿ ಕಾಣುತ್ತಿದೆ ಅಂತ ಅವರ ಅಭಿಪ್ರಾಯ, ಫೋಟೋ ನೋಡಿದ ಮೇಲೆ ನನ್ನದೂ ಅದೇ. ಬಿದಿರು ಕಡ್ಡಿ, ಗಾಳಿಪಟದ ಕಾಗದ, ಎರಡು ಬಲ್ಬ್ ಹೋಲ್ಡರ್ ತಂದೆವು. ನಕ್ಷತ್ರ ಅವರೇ ಕಟ್ಟುತ್ತಾರೆ.

ಗುರುವಾರ, ಡಿಸೆಂಬರ್ 4

ಮಹಿಳಾ ಕೂಟದವರು ಬಲ್ಮಠದ ಆಂಟಿಯ ಮನೆಯಲ್ಲಿ ತಿಂಡಿ ಮಾಡಲು ಸೇರಿದೆವು. ಮಂಗಳೂರಿನವರು ಒಂದು ಕಡೆ ಕಿಡಿಯೊ, ಗುಲಾಬಿ ಹೂವು. ಧಾರವಾಡ-ಗದಗಿನವರು ಇನ್ನೊಂದು ಕಡೆ ಕರ್ಚಿಕಾಯಿ, ಚಕ್ಕಲಿ.

ನಾನು ಕಿಡಿಯೊ ಕಡೆ ಕೂತೆ. ಮೈದಾ, ಮೊಟ್ಟೆ, ದಪ್ಪ ತೆಂಗಿನ ಹಾಲು, ಚೂರು ಉಪ್ಪು, ಚೂರು ಸಕ್ಕರೆ. ಕಲಸಿ ಒದ್ದೆ ಬಟ್ಟೆಯಡಿ ಇಡಬೇಕು. ಆಮೇಲೆ ಗೋಲಿಯಷ್ಟು ಹಿಟ್ಟು ತೆಗೆದುಕೊಂಡು, ಎಣ್ಣೆ ಸವರಿದ ಫೋರ್ಕಿನ ಬೆನ್ನಿಗೆ ಹೆಬ್ಬೆರಳಿನಿಂದ ಒತ್ತಿ ತೆಳ್ಳಗೆ ಮಾಡಿ, ಕೆಳಗಿನಿಂದ ಸುರುಳಿ ಸುತ್ತಿ ತೆಗೆಯಬೇಕು. ಫೋರ್ಕಿನ ಗೆರೆ ಹಿಟ್ಟಿನ ಬೆನ್ನ ಮೇಲೆ ಮೂಡುತ್ತದೆ. ಶಂಖದ ಹುಳುವಿನ ಹಾಗೆ ಕಾಣುತ್ತದೆ. ಹೆಬ್ಬೆರಳು ಜಾಸ್ತಿ ಒತ್ತಿದರೆ ಹರಿಯುತ್ತದೆ, ಕಡಿಮೆ ಒತ್ತಿದರೆ ಒಳಗೆ ಬೇಯುವುದಿಲ್ಲ. ಆಂಟಿ ನೋಡದೆಯೇ ಮಾಡುತ್ತಿದ್ದರು, ಮಾತಾಡುತ್ತಾ, ಬಾಗಿಲ ಕಡೆ ಕಣ್ಣಿಟ್ಟು. ಅವರು ಹತ್ತು ಸುತ್ತುವಷ್ಟರಲ್ಲಿ ನನ್ನದು ಎರಡು.

"ಅವಸರ ಇಲ್ಲ ಮಾರಾಯ್ತಿ. ಸಣ್ಣ ಉರಿ ಉಂಟಲ್ಲ, ಎಣ್ಣೆಯೂ ಕಾಯ್ತದೆ" ಅಂದರು.

ಅಲ್ಲಿ ಗದಗಿನ ಅಜ್ಜಾರ ಮನೆಯ ಅಮ್ಮ 1982ರ ಕಥೆ ಹೇಳಿದರು. ಆ ವರ್ಷ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾಗಿತ್ತು. ಕ್ರಿಸ್ಮಸ್ ಬಂದರೂ ಮುಗಿದಿರಲಿಲ್ಲ. ಅಜ್ಜಾರಿಗೆ ಹನ್ನೊಂದು ತಿಂಗಳಿಂದ ಸಂಬಳ ಇಲ್ಲ. ಬಟ್ಟೆ ನೇಯುವವರ ಮನೆಯಲ್ಲೇ ಮಕ್ಕಳಿಗೆ ಹೊಸ ಬಟ್ಟೆ ಇಲ್ಲ. ಆ ಡಿಸೆಂಬರ್‌ನಲ್ಲಿ ಮಹಿಳಾ ಕೂಟದವರು ತಿಂಡಿಯನ್ನು ಮನೆಮನೆಯಲ್ಲಿ ಮಾಡಿಕೊಳ್ಳುವುದು ನಿಲ್ಲಿಸಿದರಂತೆ. ಎಲ್ಲರ ಎಣ್ಣೆ, ಎಲ್ಲರ ಸಕ್ಕರೆ ಒಂದು ಕಡೆ ತಂದು, ಒಂದೇ ಒಲೆಯಲ್ಲಿ ಮಾಡಿ, ಎಲ್ಲರಿಗೂ ಸಮ ಪಾಲು ಹಂಚಿದರು. ಯಾರ ಮನೆಯಿಂದ ಎಷ್ಟು ಬಂತು ಅಂತ ಯಾರೂ ಬರೆದಿಡಲಿಲ್ಲ. ಮುಂದಿನ ವರ್ಷವೂ ಹಾಗೇ ಮಾಡಿದರು. ಇವತ್ತಿಗೂ ಹಾಗೇ.

ಅವರು ಇದನ್ನು ಹೇಳುವಾಗ ಕರ್ಚಿಕಾಯಿಯ ಅಂಚನ್ನು ಮಡಿಸುತ್ತಲೇ ಇದ್ದರು. ಒಳಗೆ ಒಣಕೊಬ್ಬರಿ, ಪುಟಾಣಿ, ಗಸಗಸೆ, ಏಲಕ್ಕಿ.

ಶುಕ್ರವಾರ, ಡಿಸೆಂಬರ್ 5

ಬೆಳಿಗ್ಗೆ ನಾಲ್ಕಕ್ಕೆ ಅಕ್ಕ ಎದ್ದಿದ್ದಳು. ನಾನು ತಂದ ಜೋಳದಲ್ಲಿ ಮೂರು ಕಿಲೋ ಗಿರಣಿಗೆ ಹಾಕಿಸಿದ್ದಳು. ಪಕ್ಕದ ಬಿಲ್ಡಿಂಗಿನ ಇಬ್ಬರು ಸಭೆಯ ಹೆಂಗಸರೂ ಬಂದರು. ಅರವತ್ತು ರೊಟ್ಟಿ ಬಡಿದೆವು. ಶೇಂಗಾ ಚಟ್ನಿಪುಡಿಯ ಪೊಟ್ಟಣ ಬೇರೆ.

ಹೋದದ್ದು ಪರೇಲಿಗೆ. ಅಲ್ಲಿ 1941ರಲ್ಲಿ ಶುರುವಾದ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಇದೆ. ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆಯಿಂದಲೂ ಜನ ಬರುತ್ತಾರೆ. ಚಿಕಿತ್ಸೆ ತಿಂಗಳುಗಟ್ಟಲೆ. ಜೊತೆಗೆ ಬಂದವರು ಸುತ್ತಮುತ್ತಲಿನ ಧರ್ಮಶಾಲೆಗಳಲ್ಲಿ ಇರುತ್ತಾರೆ. ಆಗಮನ ಕಾಲದ ಶುಕ್ರವಾರಗಳಲ್ಲಿ ಈ ಸಭೆಯವರು ಅಂಥ ಕಡೆ ಕನ್ನಡದವರನ್ನು ಹುಡುಕಿ ಊಟ ಕೊಟ್ಟು, ಕೂತು ಮಾತಾಡಿ ಬರುತ್ತಾರೆ. ಧರ್ಮದ ಮಾತು ಎತ್ತಬಾರದು ಅಂತ ಅಯ್ಯನವರ ಕಟ್ಟಪ್ಪಣೆ. ಅದು ಸರಿಯಾದ ಮಾತು. ಕಷ್ಟದಲ್ಲಿರುವವರ ಮುಂದೆ ರೊಟ್ಟಿ ಹಿಡಿದು ಇನ್ನೇನನ್ನೂ ಕೇಳಬಾರದು.

ಮುಧೋಳದ ಕಡೆಯ ಒಬ್ಬ ತಾಯಿ ರೊಟ್ಟಿ ಕೈಗೆ ತೆಗೆದುಕೊಂಡು ಮೊದಲು ಮೂಸಿ ನೋಡಿದಳು. "ಊರ ಜ್ವಾಳ" ಅಂದಳು. ಮಗನಿಗೆ ಹದಿನಾರು ವರ್ಷ, ಒಳಗೆ ಕೀಮೋ ನಡೆಯುತ್ತಿತ್ತು. ಅವನಿಗೆ ಬಾಯಿ ಹುಣ್ಣು, ರೊಟ್ಟಿ ತಿನ್ನಲು ಆಗುವುದಿಲ್ಲ. ಆದರೂ ಒಂದನ್ನು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಳು, ಅವನಿಗೆ ತೋರಿಸಲು. ಆಮೇಲೆ ಅಕ್ಕನ ಜೊತೆ ಒಂದು ಗಂಟೆ ಮಳೆ, ಬೆಳೆ, ಎತ್ತಿನ ಮಾತು. ಆಸ್ಪತ್ರೆಯ ಮಾತು ಒಂದೂ ಆಡಲಿಲ್ಲ.

ಅಲ್ಲಿಂದ ಫೋರ್ಟ್‌ಗೆ ಹೋಗಿ ಸೇಂಟ್ ಥಾಮಸ್ ಕೆಥೆಡ್ರಲ್ ನೋಡಿದೆ. ಚರ್ಚ್‌ಗೇಟ್ ಅನ್ನುವ ಹೆಸರು ಬಂದದ್ದೇ ಇದರಿಂದ. ಹಳೇ ಕೋಟೆಯಲ್ಲಿ ಈ ಚರ್ಚಿನ ಕಡೆಯ ಬಾಗಿಲು ಅದು. 1676ರಲ್ಲಿ ಅಡಿಗಲ್ಲು ಹಾಕಿದರು, ಗೋಡೆ ಎದ್ದವು, ಕೆಲಸ ನಿಂತಿತು. ನಾಲ್ಕು ದಶಕ ಚಾವಣಿ ಇಲ್ಲದೆ ಹಾಗೇ ನಿಂತಿತ್ತು. ಕೊನೆಗೆ ಬಾಗಿಲು ತೆರೆದದ್ದು 1718ರ ಕ್ರಿಸ್ಮಸ್ ದಿನ. ಒಳಗೆ ತಂಪು, ಮಂದ ಬೆಳಕು. ನೇರಳೆ ಬಟ್ಟೆ ಇಲ್ಲಿಯೂ. ನಾನು ಹಿಂದಿನ ಬೆಂಚಿನಲ್ಲಿ ಕೂತು ಮುಧೋಳದ ಹುಡುಗನಿಗಾಗಿ ಪ್ರಾರ್ಥನೆ ಮಾಡಿದೆ. ಬೇರೆ ಏನೂ ನೋಡಲಿಲ್ಲ.

ಮನೆಗೆ ಬಂದು ಬಟ್ಟೆ ಸರಿಸಿದರೆ ಜೋಳ ಬಾಯಿ ಬಿಟ್ಟಿತ್ತು.

ಶನಿವಾರ, ಡಿಸೆಂಬರ್ 6

ಬಾಬಾಸಾಹೇಬರ ಮಹಾಪರಿನಿರ್ವಾಣ ದಿನ. ಅವರು ತೀರಿಕೊಂಡದ್ದು 1956ರ ಈ ತಾರೀಕು. ದಾದರಿನ ಚೈತ್ಯಭೂಮಿಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಲೋಕಲ್‌ನಲ್ಲಿ ಬಿಳಿ ಸೀರೆಯ ಅಜ್ಜಿಯರು, ನೀಲಿ ಬಾವುಟ ಹಿಡಿದ ಮಕ್ಕಳು. ಚರ್ಚಿನಲ್ಲಿ ಇಟ್ಟಿದ್ದ ಎಲ್ಲ ಮಕ್ಕಳ ಅಭ್ಯಾಸವನ್ನು ಅಯ್ಯನವರು ಮೊದಲೇ ಭಾನುವಾರಕ್ಕೆ ಹಾಕಿದ್ದರು. ಆ ದಿನದ ರೈಲು ಆ ಜನಕ್ಕೇ ಬೇಕು.

ಸಂಜೆ ಡೊಂಬಿವಲಿಯಲ್ಲಿ ಮೊದಲ ಕ್ಯಾರಲ್ ರೌಂಡ್, ಅಂದರೆ ಮನೆಮನೆಗೆ ಹೋಗಿ ಹಾಡುವುದು. ಇದರ ಬಗ್ಗೆ ಸಭೆಯಲ್ಲಿ ಪ್ರತಿ ವರ್ಷ ಚರ್ಚೆ ಆಗುತ್ತದಂತೆ. ಆಗಮನ ಕಾಲ ಕಾಯುವ ಕಾಲ, ಯೇಸು ಹುಟ್ಟಿದ ಹಾಡು 24ರ ರಾತ್ರಿಗೆ ಮೊದಲು ಹಾಡಬಾರದು ಅಂತ ಹಿರಿಯರು ಕೆಲವರು. ಎಲ್ಲ ಏರಿಯಾ ಮುಗಿಸಬೇಕಾದರೆ ಡಿಸೆಂಬರ್ ಮೊದಲ ವಾರವೇ ಶುರು ಮಾಡಬೇಕು ಅಂತ ಯೌವನಸ್ಥರು. ಅಯ್ಯನವರು ಹುಡುಕಿದ ದಾರಿ ನನಗೆ ಹಿಡಿಸಿತು: ಮೊದಲ ಎರಡು ವಾರ ಹೋಗುವ ಮನೆಗಳಲ್ಲಿ ಆಗಮನದ ಹಾಡು ಎರಡು, ಕ್ರಿಸ್ಮಸ್ ಹಾಡು ಒಂದೇ ಒಂದು, ಅದೂ ಮನೆಯವರು ಕೇಳಿದರೆ. ಎಲ್ಲ ಮನೆಯವರೂ ಕೇಳಿದರು.

ಒಟ್ಟು ಏಳು ಮನೆ. ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಯಲ್ಲಿ ಒಬ್ಬ ಅಜ್ಜಿ. ಎರಡು ವರ್ಷದಿಂದ ಚರ್ಚಿಗೆ ಬಂದಿಲ್ಲ, ಮೊಣಕಾಲು ನೋವು. ಹಾಡು ಶುರುವಾದಾಗ ಹಾಸಿಗೆಯಲ್ಲೇ ಕೂತು ಮಂಗಳೂರಿನ ಹಳೇ ಕಾಯಿರ್‌ನವರ ಹಾಗೆ ಕೆಳಗಿನ ಸ್ವರದಲ್ಲಿ ಆಲ್ಟೋ ಹಿಡಿದರು. ಪುಸ್ತಕ ಬೇಕಾಗಲಿಲ್ಲ. ನಾವು ನಿಲ್ಲಿಸಿದ ಮೇಲೂ ಒಂದು ಚರಣ ಅವರೊಬ್ಬರೇ ಹಾಡಿದರು, ಆಲ್ಟೋ ಮಾತ್ರ. ರಾಗ ನಮ್ಮ ತಲೆಯಲ್ಲಿ ಕೇಳುತ್ತಿತ್ತು.

ಭಾನುವಾರ, ಡಿಸೆಂಬರ್ 7

ಎರಡನೇ ಬತ್ತಿ, ಸಮಾಧಾನದ್ದು. ಒಂದು ಕುಟುಂಬದ ಪುಟ್ಟ ಹುಡುಗ ಹೊತ್ತಿಸಿದ. ಮೊದಲ ಬತ್ತಿ ಈಗ ನನ್ನ ಗೇಣಿಗೂ ಕಡಿಮೆ.

ಆರಾಧನೆ ಮುಗಿದ ಮೇಲೆ ಎಲ್ಲ ಏರಿಯಾದ ಮಕ್ಕಳನ್ನೂ ಮೊದಲ ಸಲ ಒಟ್ಟಿಗೆ ನಿಲ್ಲಿಸಿದೆವು. ಮೂವತ್ತನಾಲ್ಕು ಮಕ್ಕಳು. ಸಿಕ್ಕಿದ್ದು ನಲವತ್ತು ನಿಮಿಷ, ಆಮೇಲೆ ತಮಿಳು ಸಭೆಯವರು ಹೂವು ಜೋಡಿಸಲು ಬರುತ್ತಾರೆ. ಡೊಂಬಿವಲಿಯ ಮಕ್ಕಳು ಸರಿಯಾಗಿ ಹಾಡಿದರು. ಬೋರಿವಲಿಯವರು "ಬೆಲಕು" ಅಂದರು. ನಾನು ಬಾಯಿ ತೆರೆಯುವ ಮೊದಲೇ ಆ ಎಂಟು ವರ್ಷದ ಹುಡುಗಿ ತಿರುಗಿ ನಿಂತಳು. "ಬಾಳ ಯೇಸು ಬೋಲ್ತೆ ಹೋ ನಾ? ವೋಹೀ ಳ" ಅಂತ ಹಿಂದಿಯಲ್ಲಿ ಹೇಳಿ, ಬಾಯಿ ತೆರೆದು ನಾಲಿಗೆ ತೋರಿಸಿದಳು. ಬೋರಿವಲಿಯವರು ಬಗ್ಗಿ ಅವಳ ಬಾಯೊಳಗೆ ನೋಡಿದರು. ಕಲಿತರು. ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಅಯ್ಯನವರು ಕ್ರಿಸ್ಮಸ್ ತನಕ ಇರಿ ಅಂದರು. ಧಾರವಾಡದಲ್ಲಿ ನಮ್ಮ ಸಭೆಯ ಹಾಡೂ ಕಾಯುತ್ತಿದೆ ಅಂದೆ. "ವಂದನಾರೀ ಟೀಚರ" ಅಂತ ಅಜ್ಜಾರು ಎರಡೂ ಕೈ ಹಿಡಿದುಕೊಂಡರು.

ರಾತ್ರಿ ದಾದರಿಗೆ ಹೊರಡುವ ಮುಂಚೆ ಕಿಟಕಿಯ ಮುಚ್ಚಳ ಒಳಗೆ ತಂದೆ. ಜೋಳ ಒಂದು ಅಂಗುಲ ಎದ್ದಿತ್ತು. ಪ್ರತಿ ಮೊಳಕೆಯೂ ಬಿಗಿಯಾಗಿ ಸುರುಳಿ ಸುತ್ತಿಕೊಂಡಿತ್ತು, ತುದಿಯಲ್ಲಿ ಒಂದು ಹನಿ ನೀರು. ಅಕ್ಕ ಫೋಟೋ ತೆಗೆದು ಬಲ್ಮಠದ ಆಂಟಿಗೆ ಕಳಿಸಿದಳು. ಉಳಿದ ಜೋಳದಲ್ಲಿ ಎರಡು ಹಿಡಿ ಬೇರೆ ಡಬ್ಬಿಗೆ ಹಾಕಿ, ಮೇಲೆ "12ಕ್ಕೆ ನೆನೆಸುವುದು" ಅಂತ ಚೀಟಿ ಅಂಟಿಸಿ ಅಡುಗೆಮನೆಯ ಕಪಾಟಿನಲ್ಲಿಟ್ಟಳು. ನಾನು ಚೀಟಿಯನ್ನು ಕನ್ನಡದಲ್ಲೇ ಬರೆದಿದ್ದೆ. ಕೆಳಗಿನ ಮನೆಯ ಗುಜರಾತಿ ಹುಡುಗ ಬಂದು ಏನು ಬರೆದಿದೆ ಅಂತ ಕೇಳಿದ. ನೆನೆಸುವುದು ಅನ್ನುವ ಮಾತಿನ ಮೇಲೆ ಅವನ ಬೆರಳಿಟ್ಟು, ಒಂದೊಂದೇ ಅಕ್ಷರ ಓದಿಸಿದೆ.